ಗದ್ದುಗೆಯಿಂದ ಹೊಲಕ್ಕಿಳಿದ ಇತಿಹಾಸ



ಕನ್ನಡದ ಐತಿಹಾಸಿಕ ಕಾದಂಬರಿಯ ಮಾತು ಬಂದಾಗ ಹಾವೇರಿ ಸೀಮೆಯ ಗಳಗನಾಥರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ವೆಂಕಟೇಶ ತಿರಕೋ ಕುಲಕರ್ಣಿ (1869–1942) ಎಂಬ ಈ ಶಾಲಾಮಾಸ್ತರರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಆ ಗಂಟಿನೊಳಗೆ ಇದ್ದವರು ಯಾರು? ‘ಮಾಧವ ಕರುಣಾ ವಿಲಾಸ’ದಲ್ಲಿ ವಿಜಯನಗರದ ಸ್ಥಾಪನೆ, ‘ಕನ್ನಡಿಗರ ಕರ್ಮಕಥೆ’ಯಲ್ಲಿ ಅದರ ಪತನ. ಅರಸರು, ಮಂತ್ರಿಗಳು, ಗುರುಗಳು. ಪರರ ಆಳ್ವಿಕೆಯಲ್ಲಿ ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಅಂದು ಆ ವೈಭವದ ನೆನಪು ಬೇಕಿತ್ತು. ಅದನ್ನು ಈಗ ಹಳಿಯುವುದು ಸಲ್ಲ.

ಗಳಗನಾಥರು ತೀರಿಕೊಂಡ ಮರುವರ್ಷ ಅದೇ ಸೀಮೆಯಲ್ಲಿ ನಡೆದದ್ದು ಬೇರೆಯೇ ಕಥೆ. ಬ್ಯಾಡಗಿ ತಾಲ್ಲೂಕು ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1930ರಲ್ಲಿ ಗಾಂಧೀಜಿಯ ಸಂಗಡ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹಾವೇರಿ ತಾಲ್ಲೂಕಿನ ಹೊಸರಿತ್ತಿಯಲ್ಲಿ, ರೈತರಿಂದ ವಸೂಲಾಗಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದಾಗ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ಮಡಿದವರು ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ.

ಎಷ್ಟೋ ಭಾಷಣಗಳಲ್ಲಿ ಈ ಇಬ್ಬರು ಬರೀ ‘ಸಂಗಡಿಗರು’. ಐತಿಹಾಸಿಕ ಕಾದಂಬರಿಯ ಕೆಲಸ ಶುರುವಾಗುವುದೇ ಅಲ್ಲಿ. ಸರ್ಕಾರಿ ದಫ್ತರದಲ್ಲಿ ಗುಂಡು ಹಾರಿದ ತಾರೀಖು ಸಿಗುತ್ತದೆ. ಭೂಗತರಾದವರಿಗೆ ರಾತ್ರಿ ರೊಟ್ಟಿ ಕಟ್ಟಿಕೊಟ್ಟ ಹೆಂಗಸಿನ ಎದೆಬಡಿತ ಸಿಗುವುದಿಲ್ಲ. ದುಡಿಯುವ ಮಗ ಹೋದ ಮೇಲೆ ಆ ವರ್ಷ ಹೊಲ ಬಿತ್ತಿದವರು ಯಾರೆಂಬುದೂ ಸಿಗುವುದಿಲ್ಲ.

ಬಸವರಾಜ ಕಟ್ಟೀಮನಿಯವರ ‘ಮಾಡಿ ಮಡಿದವರು’ ಈ ದಾರಿ ಹಿಡಿಯಿತು. 1942ರ ಚಳವಳಿಯಲ್ಲಿ ಸ್ವತಃ ಸೆರೆಮನೆ ಕಂಡಿದ್ದ ಅವರು ಆ ಚಳವಳಿಯ ಸಾಮಾನ್ಯ ಹೋರಾಟಗಾರರನ್ನೇ ಕಾದಂಬರಿಗೆ ತಂದರು. 1974ರಲ್ಲಿ ಅದು ಚಲನಚಿತ್ರವೂ ಆಯಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡನ್ನು ಜೀತದಾಳು ನಾಯಿಗುತ್ತಿಯ ಹೆಜ್ಜೆ ಹಿಡಿದು ತೋರಿಸಿತು.

ಒಂದು ಅಪಾಯವೂ ಇದೆ. ದುಡಿಯುವವನನ್ನು ತಪ್ಪನ್ನೇ ಮಾಡದ ವೀರನಾಗಿಸಿದರೆ ಅದು ಮತ್ತೆ ಅರಸನ ಕಥೆಯೇ. ಕಿರೀಟದ ಬದಲು ಗಾಂಧಿ ಟೋಪಿ, ಅಷ್ಟೇ! ಹೆದರಿ ಬಾಗಿಲು ಹಾಕಿಕೊಂಡವನೂ, ಕಂದಾಯ ಕಟ್ಟಿ ಸುಮ್ಮನಾದವನೂ ಆ ಕಾಲದವರೇ ತಾನೇ?

ಇಂದು ರಾಣೆಬೆನ್ನೂರು, ಬ್ಯಾಡಗಿ ಪೇಟೆಗಳಲ್ಲಿ ಮೂಟೆ ಹೊರುವ ಹಮಾಲರ, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಅಜ್ಜ–ಅಜ್ಜಿಯರು ಅಂದು ಏನು ಕಂಡಿದ್ದರು? ಕೇಳಿ ಬರೆದುಕೊಳ್ಳಬೇಕೆಂದರೆ ತಡ ಮಾಡುವಂತಿಲ್ಲ. ಆಗ ಹತ್ತು ವರ್ಷದವರಾಗಿದ್ದವರೂ ಈಗ ತೊಂಬತ್ತು ದಾಟಿದ್ದಾರೆ.