ಪರದೆಯಿಂದ ಬಟ್ಟೆಗೆ

ನಮ್ಮ ಜನ್ನಾಪುರದ ಪಕ್ಕದ ಮನೆ ಹುಡುಗಿ ತನ್ನ ಕುರ್ತಾಗೆ ತಾನೇ ಡಿಸೈನ್ ಬರೆಯುತ್ತಿದ್ದಾಳೆ. ಹೂವಲ್ಲ, ಬಳ್ಳಿಯಲ್ಲ, ‘ಸ್ಟಾರ್ ಟ್ರೆಕ್’ ಗಗನನೌಕೆಯ ಕಂಪ್ಯೂಟರ್ ಪರದೆ! ಕಪ್ಪು ನೆಲದ ಮೇಲೆ ಮೂಲೆ ದುಂಡಗಾದ ಕಿತ್ತಳೆ, ತಿಳಿನೇರಳೆ ಪಟ್ಟಿಗಳು.

1987ರಲ್ಲಿ ಶುರುವಾದ ಅದರ ಹೊಸ ಟಿವಿ ಸರಣಿಗೆ ಈ ಪರದೆಗಳನ್ನು ರೂಪಿಸಿದವರು ಮೈಕೆಲ್ ಒಕುಡಾ. ದುಡ್ಡು ಕಮ್ಮಿ; ಹಾಗಾಗಿ ಬಹುತೇಕ ಕಡೆ ಬಣ್ಣದ ಹಾಳೆಯ ಹಿಂದೆ ದೀಪ ಇಟ್ಟರು, ಅಷ್ಟೆ. ಒಳ್ಳೇ ಉಪಾಯ.

ಬಟ್ಟೆಗೆ ಆ ದೀಪ ಇಲ್ಲ. ಮೊಬೈಲಿನಲ್ಲಿ ಹೊಳೆದ ಕಿತ್ತಳೆ ಹತ್ತಿಯ ಮೇಲೆ ಮಂಕಾಗುತ್ತದೆ. ಅದಕ್ಕೇ ಮೊದಲು ಅಂಗೈಯಗಲದ ತುಂಡಿಗೆ ಅಚ್ಚು ಹಾಕಿಸಿ, ಒಗೆದು ನೋಡಬೇಕು. ಇನ್ನು, ಒಂದೇ ಚಿತ್ರ ಸಾಲಾಗಿ ಅಚ್ಚಾಗುವುದರಿಂದ, ಅದರ ಬಲ ಅಂಚಿನಲ್ಲಿ ತುಂಡಾದ ಪಟ್ಟಿ ಎಡ ಅಂಚಿನಲ್ಲಿ ಅದೇ ಎತ್ತರಕ್ಕೆ ಮುಂದುವರಿಯಬೇಕು. ಕೂದಲೆಳೆಯಷ್ಟು ತಪ್ಪಿದರೂ ಮೀಟರುಗಟ್ಟಲೆ ಬಟ್ಟೆಯಲ್ಲಿ ಅದೇ ಗೆರೆ ಮತ್ತೆ ಮತ್ತೆ ಕಣ್ಣಿಗೆ ಚುಚ್ಚುತ್ತದೆ.

‘ಇದೆಂಥಾ ಬಟ್ಟೆ ಮಾರಾಯ್ತಿ’ ಅಂದರು ಅವಳ ಅಜ್ಜಿ. ಆದರೆ ಕಂಪ್ಯೂಟರಿಗೂ ಮಗ್ಗಕ್ಕೂ ಹಳೇ ನಂಟು. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ತೂತು ಕೊರೆದ ರಟ್ಟುಗಳಿಂದ ಮಗ್ಗ ನಡೆಸಿದ. ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಅದೇ ಉಪಾಯವನ್ನು ಎರವಲು ಪಡೆದ. ರೇಷ್ಮೆ ಸೀರೆಯ ಸೆರಗು ನೇಯುವ ಎಷ್ಟೋ ಮಗ್ಗಗಳ ಮೇಲೆ ಇವತ್ತಿಗೂ ಆ ರಟ್ಟಿನ ಸರ ಇದೆ. ಎಲೆಕ್ಟ್ರಾನಿಕ್ ಜಕಾರ್ಡ್ ಬಂದಮೇಲೆ ಕಮ್ಮಿಯಾಗುತ್ತಿದೆ.