ಲಾರಿ ಇಂಜಿನ್ನಿನ ಟರ್ಬೊ ಗಾಳಿ ಸೋರಿಕೆ
(ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ಸಮಯದಲ್ಲಿ ಲಾರಿ ರಿಪೇರಿ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ಪಣಂಬೂರಿನಿಂದ ಗೊಬ್ಬರ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವ ಗಾಡಿ ನಮ್ಮದು. ಅದು ಕುಡಿಯುವ ಡೀಸೆಲ್ಲು ಸಂಘದ ಖರ್ಚಿನ ಪಟ್ಟಿಯಲ್ಲಿ ಬರುತ್ತದೆ. ಸದಸ್ಯರ ಮನೆಗಳಲ್ಲೂ ಈಗ ಲಾರಿಗಳಿವೆ. ಅದಕ್ಕೇ ಅಧ್ಯಕ್ಷರು ಈ ವಿಷಯ ಹೇಳು ಅಂದರು.

ಮೈಲೇಜು ಇಳಿಯಿತು ಅಂದರೆ ನಾವು ಮೊದಲು ನೋಡೋದು ಡ್ರೈವರ್ ಮುಖ. ಹಿಂದೊಮ್ಮೆ ನಮ್ಮ ಸಭೆಯಲ್ಲೂ ಅದೇ ಆಯಿತು. ನಾಲ್ಕೂವರೆ ಬರುತ್ತಿದ್ದದ್ದು ನಾಲ್ಕಕ್ಕೆ ಇಳಿದಿತ್ತು. 400 ಕಿ.ಮೀ. ಓಡಿದರೆ 89 ಲೀಟರ್ ಆಗಬೇಕಾದ್ದು 100 ಆಗುತ್ತೆ. ಆ 11 ಲೀಟರ್ ಎಲ್ಲಿ ಹೋಯಿತು ಅಂತ ಒಬ್ಬರು ನೇರವಾಗಿಯೇ ಕೇಳಿಬಿಟ್ಟರು. ಡ್ರೈವರ್ ತಲೆ ತಗ್ಗಿಸಿ ನಿಂತಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ! "ಘಾಟಿಯಲ್ಲಿ ಗಾಡಿ ಎಳೀತಿಲ್ಲ ಸಾರ್, ಕರಿ ಹೊಗೆ ಬರ್ತದೆ" ಅಂತ ಅವನು ಎರಡು ಸಲ ಹೇಳಿದ್ದು ಕಿರ್ದಿ ಪುಸ್ತಕದಲ್ಲಿ ಇರಲಿಲ್ಲ, ಅಷ್ಟೇ. ಅದರ ಮೇಲೆ ಒಬ್ಬ ಮೆಕ್ಯಾನಿಕ್ ಟರ್ಬೊ ಹೋಗಿದೆ, ಹೊಸದು ಹಾಕಿ ಅಂದ. ಹತ್ತಾರು ಸಾವಿರದ ಮಾತು. ಕೊನೆಗೆ ಸಿಕ್ಕಿದ್ದು ಇಂಟರ್‌ಕೂಲರ್ ಕೆಳಗಿನ ರಬ್ಬರ್ ಹೋಸಿನ ಅಡಿಭಾಗದಲ್ಲಿ ಬೆರಳುದ್ದದ ಸೀಳು.

ಕಮ್ಮಾರನ ತಿದಿ ನೋಡಿದ್ದೀರಲ್ಲ, ಟರ್ಬೊ ಕೆಲಸವೂ ಅದೇ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷದ ಹತ್ತಿರ ಸುತ್ತು. ಒತ್ತಿದ ಗಾಳಿ ಕಾಯುತ್ತದೆ, ಆದ್ದರಿಂದ ರೇಡಿಯೇಟರ್ ಬಳಿಯ ಇಂಟರ್‌ಕೂಲರಿನಲ್ಲಿ ತಣ್ಣಗಾಗಿ ಮುಂದೆ ಹೋಗುತ್ತದೆ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಕಡೇಪಕ್ಷ 10,000 ಲೀಟರ್ ಗಾಳಿ ಬೇಕು. ತಿದಿಯೇ ತೂತಾದರೆ ಕುಲುಮೆ ಉರಿದೀತೇ? ಡೀಸೆಲ್ ಅರ್ಧ ಬೆಂದು ಕರಿ ಹೊಗೆಯಾಗಿ ಹೋಗುತ್ತದೆ, ಇಂಜಿನ್ ಒಳಗೆ ಕಾವೂ ಹೆಚ್ಚುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್.-6 ಗಾಡಿಗಳಲ್ಲಿ ಮಾತ್ರ ಹೊಗೆ ನೋಡಿ ನಿರ್ಧರಿಸಬೇಡಿ. ಮಸಿಯೆಲ್ಲ ಒಳಗಿನ ಫಿಲ್ಟರಿನಲ್ಲೇ ಕೂರುತ್ತದೆ. ಅಂಥವುಗಳಲ್ಲಿ ಎಳೆತ ಕಡಿಮೆಯಾಗುವುದು, ಲ್ಯಾಂಪ್ ಹತ್ತುವುದೇ ಸೂಚನೆ.

ಶೆಡ್ಡಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ ನೋಡಿದರೆ ಈ ಸೋರಿಕೆ ಗೊತ್ತಾಗೋದಿಲ್ಲ. ಐಡ್ಲಿಂಗಿನಲ್ಲಿ ಪೈಪಿನೊಳಗೆ ಒತ್ತಡವೇ ಇರುವುದಿಲ್ಲ. ಲೋಡ್ ಹಾಕಿ ಏರು ಹತ್ತುವಾಗ ಸಾಮಾನ್ಯವಾಗಿ 15ರಿಂದ 20 ಪೌಂಡು ಬರುತ್ತದೆ, ಸೀಳು ಆಗ ಬಾಯಿ ಬಿಟ್ಟು ಬುಸ್ಸ್ ಅನ್ನುತ್ತದೆ. ಮೊದಲು ಇಂಜಿನ್ ಆರಿಸಿ, ಆರಲು ಬಿಟ್ಟು, ಜಾಯಿಂಟುಗಳನ್ನು ಕೈಯಲ್ಲಿ ಸವರಿ. ಎಣ್ಣೆ ಬೆರೆತ ಧೂಳು ಕಪ್ಪಗೆ ಮೆತ್ತಿಕೊಂಡಿದ್ದರೆ ಅಲ್ಲಿ ಅನುಮಾನಪಡಿ. ಹೋಸಿನ ಕೆಳಭಾಗ ಕಣ್ಣಿಗೆ ಬೀಳೋದಿಲ್ಲ, ಕನ್ನಡಿ ಹಿಡಿದು ನೋಡಿ.

ಇನ್ನೂ ಖಚಿತವಾಗಬೇಕಾದರೆ ಸೋಪಿನ ನೀರಿನ ಪರೀಕ್ಷೆ. ಇಂಜಿನ್ ನಿಂತಿರಬೇಕು. ಏರ್ ಕ್ಲೀನರಿನಿಂದ ಬರುವ ಹೋಸ್ ಬಿಚ್ಚಿ, ಟರ್ಬೊ ಬಾಯಿಗೆ ಟ್ಯೂಬಿನ ವಾಲ್ವು ಕೂರಿಸಿದ ಮುಚ್ಚಳ ಬಿಗಿದು, ನಿಧಾನವಾಗಿ ಗಾಳಿ ಬಿಡಿ. 15 ಪೌಂಡು ಮೀರಬಾರದು. ಗೇಜ್ ಇಲ್ಲದೆ ಪಂಕ್ಚರ್ ಅಂಗಡಿಯ ಗಾಳಿ ಬಿಡಲೇಬೇಡಿ, ಮುಚ್ಚಳದ ಎದುರು ನಿಲ್ಲಬೇಡಿ. ಆಯಿಲ್ ಹಾಕುವ ಮುಚ್ಚಳ ತೆಗೆದಿಡಿ, ಅಲ್ಲಿ ಸ್ವಲ್ಪ ಗಾಳಿ ಬಂದರೆ ಗಾಬರಿ ಬೇಡ. ಹೋಸು, ಇಂಟರ್‌ಕೂಲರಿನ ಮೂಲೆಗಳು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಎಲ್ಲದಕ್ಕೂ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಕಡೆ ಸೋರಿಕೆ.

ಸೀಳಿದ ಹೋಸಿಗೆ ಸೈಕಲ್ ಟ್ಯೂಬ್ ಸುತ್ತೋದು, ತಂತಿ ಬಿಗಿಯೋದು ನಮ್ಮವರ ಅಭ್ಯಾಸ. ಘಾಟಿಯ ಮೊದಲ ತಿರುವಿಗೇ ಅದು ಬಿಚ್ಚಿಕೊಳ್ಳುತ್ತೆ. ಆ ಗಾಡಿಗೆಂದೇ ಇರುವ ಹೋಸ್ ತಂದು ಹಾಕಿ. ಪೈಪಿನ ತುದಿಯ ಎಣ್ಣೆ ಪೂರಾ ಒರೆಸಿ, ಜಿಡ್ಡಿದ್ದರೆ ಹೋಸ್ ಜಾರುತ್ತದೆ. ಪೈಪಿನ ತುದಿಯಲ್ಲಿ ಉಬ್ಬಿದ ಬಳೆ ಇರುತ್ತದೆ, ಕ್ಲಿಪ್ ಅದರಿಂದ ಒಳಗಡೆಗೆ ಕೂರಬೇಕು. ಬಲ ಇದೆ ಅಂತ ವಿಪರೀತ ತಿರುಗಿಸಿದರೆ ಕ್ಲಿಪ್ಪೇ ರಬ್ಬರ್ ಕೊಯ್ಯುತ್ತದೆ. ಒಂದು ಟ್ರಿಪ್ ಆದ ಮೇಲೆ ಮತ್ತೆ ಬಿಗಿ ನೋಡಿ. ಇಂಟರ್‌ಕೂಲರೇ ಬಿರಿದಿದ್ದರೆ ಅಲ್ಯೂಮಿನಿಯಂ ವೆಲ್ಡಿಂಗ್ ಬಲ್ಲವರಿಗೇ ಕೊಡಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಇಲ್ಲಿಯವರೆಗೆ ಹೇಳಿದ್ದು ಟರ್ಬೊದಿಂದ ಮುಂದಿನ ಸೋರಿಕೆ. ಅದು ಡೀಸೆಲ್ ತಿನ್ನುತ್ತದೆ. ಏರ್ ಕ್ಲೀನರಿಗೂ ಟರ್ಬೊಗೂ ನಡುವೆ ಸೋರಿದರೆ ಅದು ಇಂಜಿನ್ನನ್ನೇ ತಿನ್ನುತ್ತದೆ. ಅಲ್ಲಿ ಗಾಳಿ ಹೊರಗೆ ಬರೋದಿಲ್ಲ, ಧೂಳು ಒಳಗೆ ಹೋಗುತ್ತದೆ. ಶಬ್ದವಿಲ್ಲ, ಹೊಗೆಯಿಲ್ಲ. ಟರ್ಬೊ ಎಸಳು, ಪಿಸ್ಟನ್ ರಿಂಗು, ಲೈನರು ಎಲ್ಲವೂ ಸವೆಯುತ್ತವೆ. ತಿಂಗಳಿಗೊಮ್ಮೆ ಆ ಹೋಸ್ ಬಿಚ್ಚಿ ಒಳಗೆ ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕೆಮ್ಮಣ್ಣು ಹತ್ತಿದರೆ ಗಾಡಿಯನ್ನು ಅಂದೇ ನಿಲ್ಲಿಸಿ.

ನಮ್ಮ ಲಾರಿಗೆ ಹೊಸ ಹೋಸ್, ಎರಡು ಕ್ಲಿಪ್ ಹಾಕಿಸಿದೆವು. ಮುಂದಿನ ಟ್ರಿಪ್ಪಿನಲ್ಲೇ ಮೈಲೇಜು ಮತ್ತೆ ನಾಲ್ಕೂವರೆಗೆ ಬಂತು. ಡ್ರೈವರ್ ಮೇಲಿನ ಮಾತನ್ನು ಮುಂದಿನ ಸಭೆಯಲ್ಲಿ ವಾಪಸು ಪಡೆದು ನಡಾವಳಿಯಲ್ಲಿ ಬರೆಸಲಾಗಿದೆ. ಪರೀಕ್ಷೆಯ ಮುಚ್ಚಳ ಮತ್ತು ಗೇಜ್ ಸಂಘದ ಗೋಡೌನಿನಲ್ಲಿವೆ. ಬೇಕಾದ ಸದಸ್ಯರು ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು, ಬಾಡಿಗೆ ಇಲ್ಲ.