ಏಡಿ ಕಳಚಿಟ್ಟ ಅಂಗಿ



ಇಂಗ್ಲೆಂಡಿನ ಕಡಲ ದಂಡೆಯಲ್ಲಿ ನೀರು ಇಳಿದ ಹೊತ್ತಿಗೆ ಬಂಡೆಯ ಮೇಲಿನ ಪಾಚಿ ಸರಿಸಿದರೆ ಅಂಗೈಯಗಲದ ಹಸಿರು ಏಡಿಯೊಂದು ಕೊಂಡಿ ಎತ್ತಿ ಜಗಳಕ್ಕೆ ನಿಲ್ಲುತ್ತದೆ. ಕಣ್ಣಿನ ಆಚೆ ಈಚೆ ಚಿಪ್ಪಿನ ಅಂಚಿಗೆ ಐದೈದು ಹಲ್ಲು. ಇದರ ಕುಲದ ಹೆಸರು ಕಾರ್ಸಿನಸ್. ಗ್ರೀಕಿನ ಕಾರ್ಕಿನೋಸ್‌ನಿಂದ ಬಂದದ್ದು, ಅಂದರೆ ಏಡಿ. ಏಡಿಗೆ ಏಡಿ ಎಂದೇ ಹೆಸರಿಟ್ಟವರ ಸೋಮಾರಿತನ ದೊಡ್ಡದು! ನಮ್ಮ ಕರ್ಕಾಟಕವೂ ಆ ಪದದ ದೂರದ ನೆಂಟನೇ ಎನ್ನುತ್ತಾರೆ ಭಾಷಾತಜ್ಞರು.

ಈ ಕುಲದಲ್ಲಿ ಇಂದು ಬದುಕಿರುವವು ಎರಡೇ ಜಾತಿ. ಒಂದು ಯುರೋಪಿನ ಅಟ್ಲಾಂಟಿಕ್ ದಂಡೆಯದು, ಇನ್ನೊಂದು ಮೆಡಿಟರೇನಿಯನ್ನಿನದು. ಮೊದಲನೆಯದು ಹಡಗುಗಳ ಜೊತೆ ಹೊರಟು 1817ರಲ್ಲಿ ಅಮೆರಿಕದ ಪೂರ್ವ ಕರಾವಳಿಯಲ್ಲಿ ಕಾಣಿಸಿಕೊಂಡಿತು, 1989ರ ವೇಳೆಗೆ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯನ್ನೂ ಸೇರಿತ್ತು. ಅಲ್ಲಿನ ಚಿಪ್ಪಿಮೀನಿನವರು ಇದರ ಹೆಸರೆತ್ತಿದರೆ ಸಿಡುಕುತ್ತಾರೆ. ಉಳಿದ ದಾಯಾದಿಗಳು ಅಳಿದುಹೋಗಿ ಪಳೆಯುಳಿಕೆಯಾಗಿ ಕಲ್ಲಿನಲ್ಲಷ್ಟೇ ಇದ್ದಾರೆ.

ಕಲ್ಲಿನಲ್ಲಿರುವುದು ಏನು? ಅದು ತಿಳಿಯಬೇಕಾದರೆ ಏಡಿ ಬೆಳೆಯುವ ಬಗೆ ನೋಡಬೇಕು. ಏಡಿಯ ಚಿಪ್ಪು ಬೆಳೆಯುವುದಿಲ್ಲ, ಏಡಿ ಬೆಳೆಯುತ್ತದೆ. ಅಂಗಿ ಬಿಗಿಯಾದಾಗ ಅದು ನೀರು ಹೀರಿ ಉಬ್ಬುತ್ತದೆ. ಬೆನ್ನ ಹಿಂದೆ ಸೀಳು ಬಿಡುತ್ತದೆ. ಆ ಸೀಳಿನಿಂದ ಹಿಮ್ಮುಖವಾಗಿ, ಒಂದೊಂದೇ ಕಾಲು ಎಳೆದುಕೊಳ್ಳುತ್ತ ಹೊರಬರುತ್ತದೆ. ಕಣ್ಣಿನ ಹೊದಿಕೆ, ಕಿವಿರಿನ ಪೊರೆ, ಜಠರದೊಳಗಿನ ಅರೆಯುವ ಹಲ್ಲುಗಳನ್ನೂ ಹಳೆಯ ಅಂಗಿಯಲ್ಲೇ ಬಿಟ್ಟು ಬರುತ್ತದೆ. ಹೊಸ ಮೈ ಹಸಿ ಹಪ್ಪಳದಷ್ಟು ಮೆತ್ತಗೆ. ಹೆಣ್ಣು ಹೀಗೆ ಕಳಚುವ ಮೊದಲೇ ಗಂಡು ಬಂದು ಅದನ್ನು ಹೊಟ್ಟೆಯಡಿ ಅವುಚಿಕೊಂಡು ದಿನಗಟ್ಟಲೆ ಕಾಯುತ್ತದೆ.

ವೆನಿಸ್ಸಿನ ಹಿನ್ನೀರಿನ ಬೆಸ್ತರೂ ಕಾಯುತ್ತಾರೆ. ವಸಂತದಲ್ಲಿ ಮತ್ತೆ ಶರತ್ಕಾಲದಲ್ಲಿ ಏಡಿಗಳನ್ನು ಕೈಯಲ್ಲಿ ಹಿಡಿದು, ನಾಳೆಯೋ ನಾಡಿದ್ದೋ ಕಳಚುವವನ್ನು ಕಣ್ಣಳತೆಯಲ್ಲೇ ಆರಿಸಿ ಮರದ ಪೆಟ್ಟಿಗೆಗೆ ಹಾಕಿ ನೀರಲ್ಲಿ ಇಳಿಬಿಡುತ್ತಾರೆ. ಕಳಚಿದ್ದೇ ತಡ, ಎತ್ತಬೇಕು. ನೀರಲ್ಲೇ ಬಿಟ್ಟರೆ ಕೆಲವೇ ತಾಸಿನಲ್ಲಿ ಮೈ ಗಡುಸಾಗಲು ತೊಡಗುತ್ತದೆ. ಹೀಗೆ ಎತ್ತಿದ ಮೆತ್ತನೆಯ ಏಡಿಗೆ ಮೊಯೆಕೆ ಎಂದು ಹೆಸರು. ಕಾಲು ಸಮೇತ ಕರಿದು ತಿನ್ನುತ್ತಾರೆ.

ಒಂದು ಏಡಿ ಬದುಕಿಡೀ ಹೀಗೆ ಹತ್ತಾರು ಅಂಗಿ ಬಿಡುತ್ತದೆ. ಹಾಗಾಗಿ ಕಲ್ಲಿನಲ್ಲಿ ಸಿಗುವ ಏಡಿಗಳೆಲ್ಲ ಸತ್ತ ಏಡಿಗಳಲ್ಲ. ಎಷ್ಟೋ ಚಿಪ್ಪು ಕಳಚಿಟ್ಟದ್ದು. ಅದರ ಒಡೆಯ ಅಂದೇ ಎದ್ದು ನಡೆದಿದ್ದಾನೆ.

ಮಲ್ಪೆಗೋ ಕಾರವಾರಕ್ಕೋ ಹೋದಾಗ ಮರಳಲ್ಲಿ ಏಡಿಯೊಂದು ಸತ್ತು ಬಿದ್ದಂತೆ ಕಂಡರೆ, ಎತ್ತಿ ಹಿಂಬದಿ ನೋಡಿ. ಸೀಳಿದ್ದು, ಒಳಗೆ ಬರಿದಾಗಿದ್ದರೆ ಅದು ಸತ್ತದ್ದಲ್ಲ.